ಎಣ್ಣೆ, ಕಿಡಿ, ಗಾಳಿ ಮತ್ತು ಜಟ್ಟಿಂಗಪ್ಪ

ಲೋಕದಲ್ಲಿ ಕೆಟ್ಟು ನಿಂತದ್ದೆಲ್ಲ ಮೂರೇ ಕಾರಣಕ್ಕೆ ಕೆಟ್ಟಿರುತ್ತದೆ, ನಾಲ್ಕನೆಯದೊಂದು ಇದೆ ಎನ್ನುವವನು ಒಂದೋ ಸುಳ್ಳುಗಾರ, ಇಲ್ಲವೇ ಸ್ಪೇರ್ ಪಾರ್ಟಿನ ಅಂಗಡಿಯವನು ಎಂದು ಜೀವಮಾನವಿಡೀ ಸಾಧಿಸಿಕೊಂಡು ಬಂದವನು ಜಟ್ಟಿಂಗಪ್ಪ. ಎಣ್ಣೆ, ಕಿಡಿ, ಗಾಳಿ. ಈ ಮೂರು ಸರಿಯಿದ್ದರೆ ಎಂಜಿನ್ ಏಳಲೇಬೇಕು. ಏಳಲಿಲ್ಲವೆಂದರೆ ಮೂರರಲ್ಲಿ ಒಂದನ್ನು ನೋಡಿದವನು ಸರಿಯಾಗಿ ನೋಡಿಲ್ಲ. ಎಂಜಿನ್ ಸ್ಟಾರ್ಟ್ ಆಗುತ್ತದೆ ಎಂದು ಅವನು ಎಂದೂ ಹೇಳಿದವನಲ್ಲ. ಅವನ ಬಾಯಲ್ಲಿ ಅದು ಏಳುತ್ತದೆ, ಮಲಗುತ್ತದೆ, ಹೆಚ್ಚೆಂದರೆ ಹಠ ಹಿಡಿಯುತ್ತದೆ. ಈ ತತ್ತ್ವವನ್ನು ಅವನು ಯಂತ್ರಗಳಿಗಷ್ಟೇ ಮೀಸಲಾಗಿಟ್ಟವನೂ ಅಲ್ಲ. ಹೊಸನಗರದ ಕಡೆಯ ಒಂದು ಮನೆಯಲ್ಲಿ ಗಂಡಹೆಂಡಿರು ಮಾತುಬಿಟ್ಟಿದ್ದಾರೆಂಬ ಸುದ್ದಿ ಅವನು ನಡೆಸುವ ದೋಣಿಯಲ್ಲಿ ಹರಿದಾಡಿದಾಗ, "ಕೇಳಿಲ್ಲಿ, ಅಲ್ಲಿ ಎಣ್ಣೆಗೆ ಕೊರತೆ ಇಲ್ಲ, ಕಿಡಿಗಂತೂ ಇಲ್ವೇ ಇಲ್ಲ. ಗಾಳಿ ಆಡ್ತಿಲ್ಲ. ಆ ಅತ್ತೆಮ್ಮನ್ನ ಒಂದು ತಿಂಗ್ಳು ಮಗಳ ಮನಿಗೆ ಕಳ್ಸಕೆ ಹೇಳು" ಎಂದು ತೀರ್ಪು ಕೊಟ್ಟಿದ್ದ. ಅತ್ತೆಮ್ಮ ಹೋದರು. ಆ ಮನೆಯ ಎಂಜಿನ್ ಎದ್ದಿತಂತೆ ಎಂದು ಜನ ಬಹುಕಾಲ ನಗುತ್ತಿದ್ದರು.

ದೋಣಿ ದಾಟಿಸುವ ಜಾಗಕ್ಕೆ ನಮ್ಮಲ್ಲಿ ಕಡವು ಎನ್ನುತ್ತೇವೆ. ನೇರಲಮಕ್ಕಿ ಕಡವು ಇರುವುದು ಶರಾವತಿಯ ಹಿನ್ನೀರಿನಲ್ಲಿ. ಲಿಂಗನಮಕ್ಕಿಯಲ್ಲಿ ನೀರು ನಿಲ್ಲಿಸಿದ ಮೇಲೆ ಕೂಗಳತೆಯಲ್ಲಿದ್ದ ಅತ್ತಿಸರ ಆಚೆ ದಡವಾಯಿತು. ಹೊಳೆ ಹಾರಿ ಬರುತ್ತಿದ್ದವರು ನೀರಿನ ಬಯಲನ್ನು ದಾಟಿ ಬರುವಂತಾಯಿತು. ಅಪ್ಪ ಹುಟ್ಟು ಹಾಕುತ್ತಿದ್ದ ದೋಣಿಯ ಹಿಂಬದಿಗೆ ಮಗ ಜಟ್ಟಿಂಗಪ್ಪ ಎಂಜಿನ್ ಕಟ್ಟಿದ. ಎಪ್ಪತ್ತು ದಾಟಿದ ಈ ಮನುಷ್ಯ ದೂರದಿಂದ ಬರುವುದನ್ನು ಕಂಡರೆ ಮುಖ ಕಾಣುವ ಮೊದಲೇ ಗುರುತು ಸಿಗುತ್ತದೆ, ಏಕೆಂದರೆ ಅವನು ಬಲಕ್ಕೆ ವಾಲಿ ನಡೆಯುತ್ತಾನೆ. ವಿದ್ಯುದಾಗಾರದ ಫಿಟ್ಟರೊಬ್ಬರು ನಿವೃತ್ತರಾಗುವಾಗ ಕೊಟ್ಟುಹೋದ ಖಾಕಿ ಕೋಟಿನ ಬಲಜೇಬಿನಲ್ಲಿ ಸ್ಪ್ಯಾನರು, ಕಟಿಂಗ್ ಪ್ಲೇಯರು, ಉಪ್ಪುಕಾಗದ, ಎಲೆಅಡಿಕೆ ಎಲ್ಲ ಒಟ್ಟಿಗೇ ಸಂಸಾರ ಮಾಡಿಕೊಂಡಿದ್ದು, ಆ ಭಾರಕ್ಕೆ ಕೋಟು ಜಗ್ಗಿ, ಕೋಟಿನೊಡನೆ ಮನುಷ್ಯನೂ ಜಗ್ಗಿ, ಕೊನೆಗೆ ಕೋಟು ಕಳಚಿ ಗೂಟಕ್ಕೆ ಹಾಕಿದ ಮೇಲೂ ಅವನು ನೆಟ್ಟಗಾಗದೆ ಹಾಗೇ ಉಳಿದುಬಿಟ್ಟ. ಮದುವೆಮನೆಗೆ ಹೋದರೂ ಅದೇ ಕೋಟು. ಊಟದ ಪಂಕ್ತಿಯಲ್ಲಿ ಅವನ ಬಲಕ್ಕೆ ಕೂತವರಿಗೆ ಸೀಮೆಎಣ್ಣೆಯ ವಾಸನೆಯಲ್ಲೇ ಪಾಯಸ.

ಎಂಜಿನ್ ಬಂದದ್ದು ಗಂಗೊಳ್ಳಿಯಿಂದ, ಮೀನಿನ ಲಾರಿಯ ಬೆನ್ನೇರಿ ಘಟ್ಟ ಹತ್ತಿ. ಕಡಲಿನವರು ಓಡಿಸಿ ಓಡಿಸಿ ಕೈಬಿಟ್ಟದ್ದು. ಮುಚ್ಚಳ ತೆಗೆದರೆ ಒಳಗೆಲ್ಲ ಉಪ್ಪು ಕಚ್ಚಿದ ಗುರುತು. ಹೇಳಿಕೊಡುವವರು ಯಾರೂ ಇರಲಿಲ್ಲ. ಅಂಗಳದಲ್ಲಿ ಗೋಣಿತಾಟು ಹಾಸಿ, ಒಂದೊಂದೇ ಭಾಗ ಬಿಚ್ಚಿ, ಬಿಚ್ಚಿದ ಕ್ರಮದಲ್ಲೇ ಸಾಲಾಗಿಟ್ಟು, ತಿರುಗಿ ಅದೇ ಸಾಲನ್ನು ಹಿಮ್ಮುಖವಾಗಿ ಕೂಡಿಸಿದ. ಆ ದಿನಗಳಲ್ಲಿ ಮನೆಯವಳು ಅಂಗಳ ಗುಡಿಸುವುದನ್ನೇ ಬಿಟ್ಟಿದ್ದಳು. ಅಡಿಕೆಗೆ ಔಷಧಿ ಹೊಡೆಯುವ ಮಿಷನ್ನುಗಳನ್ನು ರಿಪೇರಿ ಮಾಡಿ ಪಳಗಿದ ಕೈ ಅದು. ಕೈಗೆ ಗೊತ್ತಿದ್ದದ್ದನ್ನು ಕಿವಿಯೂ ಬೇಗ ಕಲಿಯಿತು. ಒಮ್ಮೆ ಮದುವೆ ದಿಬ್ಬಣ ದಾಟಿಸುವಾಗ ನಡುನೀರಿನಲ್ಲಿ ಎಂಜಿನ್ನಿನ ಸ್ವರ ಎಲ್ಲೋ ಕೊಂಚ ಬದಲಾದಂತೆನಿಸಿ, ಓಲಗದವರತ್ತ ಕೈ ಎತ್ತಿ, "ನಿಲ್ಸ್ರೋ, ಇದು ಎಂತದೋ ಹೇಳ್ತಾ ಅದೆ, ಕೇಳನ" ಎಂದನಂತೆ. ಓಲಗ ನಿಂತಿತು. ಮದುಮಗನ ಸೋದರಮಾವ, "ಲಗ್ನಕ್ಕೆ ಹೊತ್ತಾಗ್ತದೆ ಮಾರಾಯ, ನಿನ್ನ ಕಛೇರಿ ವಾಪಸ್ ಬರ್ತಾ ಇಟ್ಕ" ಎಂದು ಗದರಿದರೂ ಇವನು ಕಣ್ಣುಮುಚ್ಚಿ ಕೇಳಿಸಿಕೊಂಡು, ಒಂದು ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ, "ಹ್ಞಾ, ಈಗ ಊದ್ರಿ" ಎಂದು ಅಪ್ಪಣೆ ಕೊಟ್ಟ.

ಇಂಥ ಮನುಷ್ಯನ ಕಡವಿಗೆ ಕೆಟ್ಟ ಕಾಲ ಒಮ್ಮೆಲೇ ಬರಲಿಲ್ಲ. ಅತ್ತ ದೊಡ್ಡ ಸೇತುವೆಯಾಗಿ ಬಸ್ಸು ಕಾರು ದಾಟಿಸುತ್ತಿದ್ದ ಲಾಂಚುಗಳು ನಿಂತವು, ಇತ್ತ ಅತ್ತಿಸರದವರು ಬೈಕು ಕೊಂಡು ಕಾಡಿನ ಸುತ್ತುದಾರಿ ಹಿಡಿದರು. ದೋಣಿಗೆ ಉಳಿದವರು ವಯಸ್ಸಾದವರು, ಹೆಂಗಸರು, ಮತ್ತೆ ಶಿವಮೂರ್ತಿ.

ಶಿವಮೂರ್ತಿ, ಅತ್ತಿಸರಕ್ಕೆ ಮದುವೆಯಾಗಿ ಹೋದ ಜಟ್ಟಿಂಗಪ್ಪನ ತಂಗಿ ಶೇಷಮ್ಮನ ಮಗ. ನಲವತ್ತು ತುಂಬುವ ಮೊದಲೇ ಎರಡೂ ಮೂತ್ರಪಿಂಡ ಕೈಕೊಟ್ಟು, ವಾರಕ್ಕೆರಡು ಬಾರಿ ಸಾಗರದ ಆಸ್ಪತ್ರೆಗೆ ಹೋಗಿ ರಕ್ತ ಶುದ್ಧಿ ಮಾಡಿಸಿಕೊಂಡು ಬರಬೇಕು. ಹೋಗದಿದ್ದರೆ ಉಳಿಯುವ ಮಾತಿಲ್ಲ. ಹೋಗುವಾಗ ಹೇಗೋ ಹೋಗುತ್ತಾನೆ. ಬರುವಾಗ ಹಿಂಡಿ ಒಣಹಾಕಿದ ಬಟ್ಟೆಯಂತೆ ಬರುತ್ತಾನೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ರಸ್ತೆಯಿಂದ ದೋಣಿಯವರೆಗೆ ಕೆಸರಿನ ಬಯಲು ಇಳಿಯಬೇಕು, ಆಚೆ ದಡದಲ್ಲಿ ಮತ್ತೆ ಅಂಥದೇ ಬಯಲು ಏರಬೇಕು. ಹೆಂಡತಿ ಬಿಂದು ಒಂದು ಕಡೆ, ಸೋದರಮಾವ ಒಂದು ಕಡೆ ಹೆಗಲು ಕೊಟ್ಟು ಅವನನ್ನು ಹತ್ತಿಸುವುದನ್ನು ಕಂಡವರು ಮುಖ ಆಚೆ ತಿರುಗಿಸುತ್ತಿದ್ದರು.

ಅದಕ್ಕಾಗಿಯೇ ಅತ್ತಿಸರದವರು ಸುತ್ತುದಾರಿಗೆ ಬಸ್ಸು ಬೇಕೆಂದು ಕೇಳಿದ್ದು. ಮನೆಬಾಗಿಲಲ್ಲಿ ಹತ್ತಿ ಆಸ್ಪತ್ರೆಯ ಎದುರು ಇಳಿಯುವಂತಿದ್ದರೆ ಶಿವಮೂರ್ತಿಯ ಜೀವಕ್ಕೆ ಇನ್ನಷ್ಟು ದಿನ ಸೇರುತ್ತದೆ ಎಂಬುದು ಎಲ್ಲರ ಲೆಕ್ಕ. ಬಸ್ಸಿನ ಕಚೇರಿಯಿಂದ ಉತ್ತರವೂ ಬಂತು: ನಿಮಗೆ ಕಡವಿದೆಯಲ್ಲ. ಎಂಜಿನ್ ದೋಣಿ ನಡೆಯುತ್ತಿರುವ ಊರಿಗೆ ಬಸ್ಸು ಕೊಡಲಾಗದು. ಕಡವು ನಿಂತಿದೆಯೆಂದು ಒಬ್ಬ ಅಧಿಕಾರಿ ಬಂದು ನೋಡಿ ಬರೆದರೆ ಆಗ ವಿಚಾರ. ಈ ಮಾತು ಕೇಳಿ ಜಟ್ಟಿಂಗಪ್ಪನಿಗೆ ತಂಗಿಯ ಮೇಲೆ ಒಳಗೇ ಸಿಟ್ಟು ಬಂತು. ನಾನಿರುವಾಗ ನನ್ನ ಅಳಿಯನಿಗೆ ಬಸ್ಸು ಯಾಕೆ ಎಂಬುದು ಅವನ ಪ್ರಶ್ನೆ. ಹೆಗಲು ಕೊಡುವವನಿಗೆ ಹೊರುವ ಭಾರ ಗೊತ್ತು, ಹೊರಿಸಿಕೊಳ್ಳುವವನ ನೋವು ಗೊತ್ತಾಗುವುದು ಕಷ್ಟ.

ಆ ವೈಶಾಖದಲ್ಲಿ ನೀರು ಬಹಳ ಇಳಿದಿತ್ತು. ಹಿನ್ನೀರಿನ ಹೊಟ್ಟೆಯಲ್ಲಿ ಕಡಿಯದೆ ಬಿಟ್ಟ ಹಳೆಯ ಕಾಡು ಇನ್ನೂ ನಿಂತಿದೆ. ನೀರು ತಗ್ಗಿದಾಗ ಬೊಡ್ಡೆಗಳು ಮೇಲಕ್ಕೆ ಬರುತ್ತವೆ, ಪೂರ್ತಿ ಮೇಲೆ ಬಂದವು ಒಳ್ಳೆಯವು, ಒಂದು ಗೇಣು ಕೆಳಗೇ ಉಳಿದವು ಕೇಡಿಗರು. ಆಸ್ಪತ್ರೆಯಿಂದ ಬಂದ ಶಿವಮೂರ್ತಿಯನ್ನು ಮಲಗಿಸಿಕೊಂಡು ದಾಟುವಾಗ ಅಂಥದೊಂದು ಬೊಡ್ಡೆಗೆ, ನೀರಿನೊಳಗೆ ತಿರುಗಿ ದೋಣಿಯನ್ನು ತಳ್ಳುವ ಎಂಜಿನ್ನಿನ ಫ್ಯಾನು ಬಡಿಯಿತು. ದೋಣಿ ಒಮ್ಮೆ ಕುಪ್ಪಳಿಸಿತು, ಎಂಜಿನ್ ಮಲಗಿತು. ಮತ್ತೆ ಏಳಲಿಲ್ಲ. ಉಳಿದ ದೂರ ಹುಟ್ಟು ಹಾಕಿಕೊಂಡು ಹೋಗಿ ಅಳಿಯನನ್ನು ಇಳಿಸಿದ ಜಟ್ಟಿಂಗಪ್ಪ ಮೊದಲು ನೋಡಿದ್ದು ಫ್ಯಾನಿನ ಪಿನ್ನನ್ನು. ಫ್ಯಾನಿಗೆ ಪೆಟ್ಟು ಬಿದ್ದರೆ ಮೊದಲು ಮುರಿಯಬೇಕಾದ್ದು ಆ ಸಣ್ಣ ಕಡ್ಡಿ. ಅದು ನೆಟ್ಟಗೆ, ಗಟ್ಟಿಯಾಗಿ ಕೂತಿತ್ತು. ಪಿನ್ನು ಉಳಿದಿದೆಯೆಂದರೆ ಪೆಟ್ಟು ಒಳಗೆ ಹೋಗಿಲ್ಲ, ಇದು ಬೇರೆ ಹಠ, ಎಂದು ಅಲ್ಲೇ ತೀರ್ಮಾನಿಸಿಬಿಟ್ಟ.

ಅಲ್ಲಿಂದ ಶುರುವಾಯಿತು. ಎಂಜಿನ್ನನ್ನು ದೋಣಿಯಿಂದ ಬಿಚ್ಚಿ ತಂದು ದಡದ ಹೊನ್ನೆ ಮರಕ್ಕೆ ಹಲಗೆ ಕಟ್ಟಿ ಸಿಕ್ಕಿಸಿ, ಬುಡಕ್ಕೆ ನೀರಿನ ಡ್ರಮ್ಮು ಇಟ್ಟು, ಎಣ್ಣೆಯಿಂದ ಆರಂಭಿಸಿದ. ಟ್ಯಾಂಕು ತೊಳೆದ, ಪೈಪು ಊದಿದ, ಕಾರ್ಬುರೇಟರಿನ ಸೂಜಿರಂಧ್ರಗಳಿಗೆಲ್ಲ ತಂತಿ ತೂರಿಸಿದ. ಎಣ್ಣೆ ಸರಿಯಿತ್ತು. ಪ್ಲಗ್ಗು ಬಿಚ್ಚಿ ಎಂಜಿನ್ನಿನ ಮೈಗೆ ತಾಗಿಸಿ, ಅದನ್ನು ಎಬ್ಬಿಸುವ ಹಗ್ಗ ಎಳೆದ. ನೀಲಿ ಕಿಡಿ ಚಟಚಟನೆ ಹಾರಿತು. ಗಾಳಿಯ ದಾರಿಗೆ ಅಂಗೈ ಒಡ್ಡಿದ. ಎಂಜಿನ್ ಅಂಗೈಯನ್ನು ಹಸುಳೆಯ ಹಾಗೆ ಚೀಪಿತು. ಮೂರೂ ಸರಿ. ಹಗ್ಗ ಎಳೆದರೆ ಮಾತ್ರ ಒಂದು ಸಲ ಕೆಮ್ಮಿ, ಕಾರ್ಬುರೇಟರಿನ ಬಾಯಿಂದಲೇ ಹೊಗೆ ಉಗುಳಿ, ಹಗ್ಗವನ್ನು ಅವನ ಕೈಯಿಂದ ರಪ್ಪನೆ ಹಿಂದಕ್ಕೆ ಕಿತ್ತುಕೊಳ್ಳುತ್ತಿತ್ತು. ಬೆರಳಿನ ಗಂಟುಗಳು ಸಿಪ್ಪೆ ಎದ್ದವು. ಮತ್ತೆ ಮೊದಲಿನಿಂದ ಎಣ್ಣೆ, ಮತ್ತೆ ಕಿಡಿ, ಮತ್ತೆ ಗಾಳಿ. ದಿನಗಳು ಹೋದವು. ಶಿವಮೂರ್ತಿ ಬಾಡಿಗೆ ಜೀಪಿನಲ್ಲಿ ಸುತ್ತುದಾರಿಯ ಗುಂಡಿಗಳಲ್ಲಿ ಕುಲುಕಾಡುತ್ತ ಸಾಗರಕ್ಕೆ ಹೋಗಿಬಂದ.

ಕಡವಿನ ಮೇಲ್ದಂಡೆಯಲ್ಲಿ ಹೋಟೆಲು ಇಟ್ಟಿರುವ ಕನ್ನಪ್ಪ ಚಾ ಹಿಡಿದು ಬಂದು ನಿಲ್ಲುತ್ತಿದ್ದ. ಕಡವು ನಿಂತರೆ ಅವನ ಒಲೆಯೂ ನಿಲ್ಲುತ್ತದೆ, ಹಾಗಾಗಿ ಅವನಿಗೂ ಕಾತರವೇ.

"ಗಂಗೊಳ್ಳಿಯವ್ರನ್ನ ಒಂದ್ಸಲ ಕರ್ಸನ ಜಟ್ಟಿಂಗಣ್ಣ."

"ಅವ್ರು ಬಂದು ಎಂತ ಮಾಡ್ತಾರೆ?"

"ಅಲ್ಲ, ನೋಡಿಯಾದ್ರೂ..."

"ಕೇಳಿಲ್ಲಿ ಕನ್ನಪ್ಪ. ನೀ ಚಾಕ್ಕೆ ಸಕ್ರೆ ಹಾಕದು ಮರ್ತಿದೀಯ. ಅದಕ್ಕೆ ನಾನು ಮೈಸೂರಿಂದ ಭಟ್ರನ್ನ ಕರ್ಸ್ಲಾ?"

ಕನ್ನಪ್ಪ ನಕ್ಕು ಹೋದ. ಜಟ್ಟಿಂಗಪ್ಪ ನಗಲಿಲ್ಲ. ಅವನು ಆಗಲೇ ಊಟ ಬಿಟ್ಟಿದ್ದ. ನಂಬಿದ್ದ ಮೂರು ಕಂಬಗಳೂ ನೆಟ್ಟಗೆ ನಿಂತಿರುವಾಗ ಮಾಡು ಯಾಕೆ ಕುಸಿಯಿತು ಎಂದು ತಿಳಿಯದವನ ಮುಖವಾಗಿತ್ತು ಅದು. ವಯಸ್ಸಾಯಿತೇ, ಕಿವಿ ಹೋಯಿತೇ, ಇಷ್ಟು ವರ್ಷ ಗೊತ್ತಿದೆಯೆಂದುಕೊಂಡದ್ದೆಲ್ಲ ಅದೃಷ್ಟವಾಗಿತ್ತೇ ಎಂಬ ಯೋಚನೆಗಳು ಒಂದರ ಹಿಂದೊಂದು ಬಂದು ಎದೆಯ ಮೇಲೆ ಕೂರತೊಡಗಿದ್ದವು.

ಕಡವು ನಿಂತ ಸುದ್ದಿ ಕಚೇರಿಗೆ ಮುಟ್ಟಿ, ಅದನ್ನು ನೋಡಲು ಅಧಿಕಾರಿ ಬರುವ ಹಿಂದಿನ ದಿನ ಮಧ್ಯಾಹ್ನ ಶೇಷಮ್ಮ ಬಂದಳು. ಸುತ್ತುದಾರಿಯಲ್ಲಿ ಹಾಲಿನ ಗಾಡಿ ಹತ್ತಿ, ಇಳಿದು, ಕೆಸರು ಬಯಲಿನ ಅಂಚು ಹಿಡಿದು ಹೊನ್ನೆ ಮರದ ತನಕ ನಡೆದು ಬಂದವಳು, ಅಣ್ಣನ ಎದುರು ಕಲ್ಲಿನ ಮೇಲೆ ಕೂತಳು.

"ಊಟ ಮಾಡಿದ್ಯನ ಅಣ್ಣಯ್ಯ?"

"ಆತು."

"ಸುಳ್ಳು ಹೇಳ್ಬೇಡ. ಅನ್ನ ಮುಟ್ಟಿದ ಕೈಯಲ್ಲ ಅದು."

"ಇದು ಎದ್ದಿದ್ರೆ ನಾನೇ ಬಂದು ಕರ್ಕಂಡು ಬರ್ತಿದ್ದೆ. ಗಾಳಿದೇ ಎಂತೋ ತಕರಾರು ಕಾಣ್ತದೆ. ಇವತ್ತು ಸಂಜಿಗೆ ಹಿಡಿತೀನಿ."

ಶೇಷಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಅದು ಏಳದು ಬ್ಯಾಡ ಅಣ್ಣಯ್ಯ."

ಅವನು ಸ್ಪ್ಯಾನರು ಕೆಳಗಿಡಲಿಲ್ಲ.

"ನಾಳೆ ಸಾಹೇಬ್ರು ಬರ್ತಾರೆ. ಕಡವು ನಡೀತಾ ಇಲ್ಲ ಅಂತ ಬರ್ಕಂಡು ಹೋದ್ರೆ ಬಸ್ಸು ಬರ್ತದೆ. ನಡೀತಾ ಅದೆ ಅಂತ ಬರ್ಕಂಡ್ರೆ ಬರಲ್ಲ. ನಿಂಗೂ ಗೊತ್ತುಂಟು."

"ಗೊತ್ತುಂಟು. ಅದಕ್ಕೆ?"

"ಅದಕ್ಕೆ ಚೌಡಮ್ಮನ ಬನದಲ್ಲಿ ಕಾಯಿ ಕಟ್ಟೀವಿ. ಇದು ಏಳಬಾರ್ದು ಅಂತ."

ತೆಂಗಿನಕಾಯಿಯನ್ನು ಬಟ್ಟೆಯಲ್ಲಿ ಸುತ್ತಿ, ಮನಸ್ಸಿನಲ್ಲಿ ಬೇಡಿಕೊಂಡು ಬನದ ಮರಕ್ಕೆ ಕಟ್ಟುವುದು, ಕೆಲಸವಾದ ಮೇಲೆ ಬಿಚ್ಚಿ ಒಡೆಯುವುದು, ಇದು ನಮ್ಮ ಸೀಮೆಯಲ್ಲಿ ಹಳೆಯ ನಡೆ. ಕಳೆದ ದನ ಸಿಗಲಿ ಎಂದು ಕಟ್ಟುತ್ತಾರೆ, ಹೆಣ್ಣಿಗೆ ಗಂಡು ಕೂಡಲಿ ಎಂದು ಕಟ್ಟುತ್ತಾರೆ. ಒಬ್ಬನ ಎಂಜಿನ್ ಏಳದಿರಲಿ ಎಂದು ಕಟ್ಟಿದ್ದನ್ನು ಜಟ್ಟಿಂಗಪ್ಪ ಕೇಳಿದ್ದು ಅದೇ ಮೊದಲು.

"ಚೌಡಮ್ಮಂಗೆ ಎಂಜಿನ್ ಬಗ್ಗೆ ಎಂತ ಗೊತ್ತು?" ಎಂದ, ತಮಾಷೆಗೆ ಎಂಬಂತೆ.

"ಏಳ್ಸದು ಗೊತ್ತಿಲ್ದಿದ್ರೂ ಮಲಗ್ಸದು ಗೊತ್ತಿರ್ತದೆ."

"ಯಾರು ಕಟ್ಟಿದ್ದು?"

"ಎಲ್ರೂ. ಮನಿಗೊಂದು."

"ನೀನೂ ಕಟ್ಟಿದ್ಯ?"

"ಮೊದಲ್ನೇದು ನಂದೇ."

ಅವನು ತಂಗಿಯ ಮುಖ ನೋಡಿದ. ಚೌಡಮ್ಮನ ಶಕ್ತಿಯಲ್ಲಿ ಅವನಿಗೆ ನಂಬಿಕೆ ಇದ್ದಷ್ಟೇ ಇತ್ತು, ಚುಚ್ಚಿದ್ದು ಅದಲ್ಲ. ತಾನು ಬೆರಳು ಸುಲಿದುಕೊಂಡು ಹಗ್ಗ ಎಳೆದ ಒಂದೊಂದು ಸಲವೂ ಆಚೆ ದಡದಲ್ಲಿ ಒಂದಿಡೀ ಊರು, ತಾನು ಹೊತ್ತು ದಾಟಿಸಿದ ಊರು, ಉಸಿರು ಹಿಡಿದು ಕೈಮುಗಿದು, ಬೇಡ ಬೇಡ ಎನ್ನುತ್ತಿತ್ತಲ್ಲ ಎಂಬುದು. ಆಮೇಲೆ ಸ್ಪ್ಯಾನರು ಜೇಬಿಗೆ ಹಾಕಿಕೊಂಡ.

"ಶಿವು ಹ್ಯಾಂಗಿದಾನೆ?"

"ಮೊನ್ನೆ ಜೀಪಲ್ಲಿ ವಾಂತಿ ಮಾಡ್ಕಂಡ. ಬಿಂದು ಮಡಿಲಲ್ಲೇ."

"ಆತು ಮಾರಾಯ್ತಿ. ಹೋಗಿ ಹೇಳು ಎಲ್ರಿಗೂ. ನಾಳೆ ಇದು ಏಳಲ್ಲ. ಏಳ್ಸಕೆ ನಂಗೂ ಬರ್ತಿಲ್ಲ, ಸುಳ್ಳು ಹೇಳ್ದಂಗೂ ಆಗಲ್ಲ."

ಶೇಷಮ್ಮ ಎದ್ದಳು. ಅಣ್ಣನ ಸುಲಿದ ಬೆರಳುಗಳನ್ನು ನೋಡಿ ಅವಳಿಗೂ ಸಂಕಟವಾಗಿರಬೇಕು. ಸಮಾಧಾನಕ್ಕೆಂದು ಒಂದು ಮಾತು ಹೇಳಿದಳು: "ನಿನ್ನ ಕೈಗೆ ಎಂತದೂ ಆಗಿಲ್ಲ ಅಣ್ಣಯ್ಯ. ಎಲ್ಲ ಸರಿ ಇದ್ರೂ ಗಳಿಗೆ ಅನ್ನದು ಕೂಡಿ ಬರ್ಬೇಕಲ."

ಅವಳು ಕೆಸರಿನ ಅಂಚು ಹಿಡಿದು ಹೋಗಿ ಮರೆಯಾದಳು. ಜಟ್ಟಿಂಗಪ್ಪ ಮರಕ್ಕೆ ಒರಗಿ ಕೂತ. ಕೊಟ್ಟ ಮಾತಿನಲ್ಲಿ ಅವನಿಗೆ ಒಂದು ಬಗೆಯ ಬಿಡುಗಡೆಯೂ ಸಿಕ್ಕಿತ್ತು. ಇನ್ನು ಎಳೆಯಬೇಕಿಲ್ಲ, ಹುಡುಕಬೇಕಿಲ್ಲ. ಆದರೆ ತಂಗಿ ಬಿಟ್ಟುಹೋದ ಮಾತೊಂದು ಹಲ್ಲಿನ ಸಂದಿಯ ಅಡಿಕೆಚೂರಿನ ಹಾಗೆ ಸಿಕ್ಕಿಕೊಂಡಿತು. ಗಳಿಗೆ. ಎಲ್ಲ ಸರಿಯಿದ್ದರೂ ಗಳಿಗೆ. ಎಣ್ಣೆ ಬಂದಿದೆ, ಗಾಳಿ ಬಂದಿದೆ, ಕಿಡಿಯೂ ಬಂದಿದೆ, ಯಾವಾಗ ಬಂದಿದೆ? ಕಿಡಿ ಇದೆಯೇ ಎಂದು ನೋಡಿದ್ದ. ಹೊತ್ತಿಗೆ ಸರಿಯಾಗಿ ಬೀಳುತ್ತಿದೆಯೇ ಎಂದು ನೋಡಿರಲಿಲ್ಲ. ಪಿಸ್ಟನ್ ಮೇಲೇರಿ ಮುಟ್ಟುವ ಕ್ಷಣಕ್ಕೇ ಕಿಡಿ ಬೀಳಬೇಕು. ಮೊದಲೇ ಬಿದ್ದರೆ ಎಂಜಿನ್ ಹಿಂದಕ್ಕೆ ಒದೆಯುತ್ತದೆ, ಹಗ್ಗ ಕಿತ್ತುಕೊಳ್ಳುತ್ತದೆ, ಹೊಗೆಯನ್ನು ಬಂದ ದಾರಿಯಲ್ಲೇ ಉಗುಳುತ್ತದೆ. ಅಷ್ಟು ದಿನದಿಂದ ಅದು ಹೇಳುತ್ತಿದ್ದದ್ದು ಇದನ್ನೇ.

ಅವನು ಎದ್ದ. ನೋಡುವುದಕ್ಕೇನು, ನೋಡಿದರೆ ಎದ್ದಂತಾಯಿತೇ ಎಂದುಕೊಂಡೇ ಎದ್ದ. ಮೇಲಿನ ದಪ್ಪ ಚಕ್ರದ ನಟ್ಟು ಬಿಚ್ಚಿ, ಎರಡು ಬದಿಗೂ ಸನ್ನೆಕೋಲು ಕೊಟ್ಟು, ನಡುವಿನ ದಂಡದ ತಲೆಗೆ ಮರದ ಕೊಡತಿಯಿಂದ ಹಗೂರ ತಟ್ಟಿ ಚಕ್ರ ಎತ್ತಿದ. ಚಕ್ರವನ್ನು ಒಳಗಿನ ದಂಡಕ್ಕೆ ಕೂಡಿಸಿ ಹಿಡಿಯುವುದು ಉಗುರಿನಷ್ಟು ದೊಡ್ಡ, ಅರ್ಧಚಂದ್ರದಾಕಾರದ ಒಂದು ಕೀಲು. ಕಿಡಿಯ ಹೊತ್ತು ಕಾಯುವುದು ಅದೇ. ಅದು ನಡುವೆ ಕತ್ತರಿಸಿ, ಚಕ್ರ ಎರಡು ಬೆರಳು ಪಕ್ಕಕ್ಕೆ ಜಾರಿ ಕೂತಿತ್ತು.

ಖುಷಿಯಾದದ್ದು ಒಂದೇ ಕ್ಷಣ. ಪೆಟ್ಟು ಒಳಗೆ ಹೋಗಿತ್ತು ಎಂದಾದರೆ ಪಿನ್ನು ಯಾಕೆ ಮುರಿಯಲಿಲ್ಲ ಎಂದು ಕೇಳಿಕೊಂಡ, ಕೇಳಿಕೊಳ್ಳುವಾಗಲೇ ಉತ್ತರ ಎದುರಿಗೆ ಬಂದು ನಿಂತಿತು. ಎಂಜಿನ್ನಿನ ಜೊತೆ ಬಂದ ಪಿನ್ನುಗಳು ಮೆತ್ತಗಿನವು. ಈ ಬೊಡ್ಡೆಗಳ ನೀರಿನಲ್ಲಿ ಪದೇಪದೇ ಮುರಿಯುತ್ತಿದ್ದವು. ಬೇಸತ್ತು, ಕೆಲವು ವರ್ಷಗಳ ಹಿಂದೆ, ಕತ್ತಿ ಬಡಿಯುವ ಕುಲುಮೆಗೆ ಹೋಗಿ ಜೀಪಿನ ಸ್ಪ್ರಿಂಗ್ ಪ್ಲೇಟಿನ ಉಕ್ಕಿನಿಂದ ತಾನೇ ನಿಂತು ಒಂದು ಪಿನ್ನು ಮಾಡಿಸಿದ್ದ. ಕಂಪನಿಯವರಿಗೆ ಬಾರದ ಬುದ್ಧಿ ಎಂದು ಕನ್ನಪ್ಪನ ಹೋಟೆಲಿನಲ್ಲಿ ಅದನ್ನು ಎಲ್ಲರಿಗೂ ತೋರಿಸಿದ್ದ. ಮುರಿಯಲೆಂದೇ ಇಟ್ಟಿದ್ದನ್ನು ಮುರಿಯದಂತೆ ಮಾಡಿದ. ಅಲ್ಲಿ ನಿಲ್ಲಬೇಕಾದ ಪೆಟ್ಟು ಮೇಲೆ ಹೋಗಿ ಎಂಜಿನ್ನಿನ ಗಳಿಗೆಯನ್ನೇ ಕತ್ತರಿಸಿತು. ಬೊಡ್ಡೆಯದೂ ಅಲ್ಲ, ಚೌಡಮ್ಮನದೂ ಅಲ್ಲ, ಈ ಕೆಲಸ ತನ್ನ ಕೈಯದೇ.

ಅಲ್ಲಿಗೇ ಬಿಡಬಹುದಿತ್ತು. ಆದರೆ ಅವನಂಥವನಿಗೆ ಕಾರಣ ಗೊತ್ತಾದರೆ ಸಾಲದು, ಗೊತ್ತಾದದ್ದು ನಿಜವೇ ಎಂದು ಖಾತ್ರಿಯಾಗಬೇಕು. ಒಂದು ಹಿತ್ತಾಳೆ ತುಂಡು ಹುಡುಕಿ ಅರದಿಂದ ಉಜ್ಜತೊಡಗಿದ. ಉಜ್ಜಿ ಹೊಂದಿಸಿ ನೋಡುವುದಷ್ಟೇ, ಎಳೆಯುವುದಿಲ್ಲ ಎಂದುಕೊಂಡ. ಹೊಸ ಕೀಲು ದಂಡದ ಕಚ್ಚಿನಲ್ಲಿ ಕೂತಿತು. ಚಕ್ರ ತನ್ನ ಜಾಗಕ್ಕೆ ಬಂತು. ನಟ್ಟು ಬಿಗಿದ. ಸಂಜೆ ಇಳಿಯುತ್ತಿತ್ತು, ಗಾಳಿ ಬಿದ್ದಿತ್ತು, ಹಿನ್ನೀರು ಎಣ್ಣೆ ಹೊಯ್ದ ಹಾಗೆ ಅಲುಗದೆ ನಿಂತಿತ್ತು. ಒಂದೇ ಸಲ ಎಂದುಕೊಂಡು ಹಗ್ಗಕ್ಕೆ ಕೈ ಹಾಕಿದ.

ಎದ್ದಿತು. ಕೆಮ್ಮದೆ, ಒದೆಯದೆ, ಹೊಸದರ ಹಾಗೆ. ಒಂದು ಸಲ ಎದ್ದ ಎಂಜಿನ್ನನ್ನು ಕೂಡಲೇ ಮಲಗಿಸುವ ಶಕ್ತಿ ಆ ಮನುಷ್ಯನ ಕೈಗೆ ಇರಲಿಲ್ಲ. ಕಣ್ಣುಮುಚ್ಚಿ ನಿಂತು ಕೇಳಿದ. ಅಷ್ಟು ದಿನದ ಹಸಿವೆಲ್ಲ ಆ ಸದ್ದಿನಲ್ಲಿ ತೀರುತ್ತಿರುವ ಹಾಗೆ ಕೇಳಿದ. ನಿಂತ ನೀರಿನ ಮೇಲೆ ಸದ್ದು ಜಾರಿಕೊಂಡು ಎಲ್ಲಿಗೆ ಹೋಗುತ್ತದೆ ಎಂಬುದು ಅವನಿಗೆ ನೆನಪಾದದ್ದು ಅತ್ತಿಸರದ ನಾಯಿಗಳು ಬೊಗಳತೊಡಗಿದಾಗ. ಆಚೆ ದಡದಲ್ಲಿ ಒಂದೊಂದೇ ಮನೆಯ ಅಂಗಳದ ದೀಪ ಹೊತ್ತಿಕೊಂಡಿತು. ಅವನು ಎಂಜಿನ್ ನಿಲ್ಲಿಸಿ, ಚಕ್ರ ಎತ್ತಿ, ಕೀಲು ಕಿತ್ತು ಜೇಬಿಗೆ ಹಾಕಿಕೊಂಡ. ಮುಚ್ಚಳ ಹಾಕಿದ. ನಾಳೆ ಸಾಹೇಬರ ಮುಂದೆ ತೋಳು ಬೀಳುವ ತನಕ ಹಗ್ಗ ಎಳೆಯುತ್ತೇನೆ, ಅದು ಏಳುವುದಿಲ್ಲ, ಆಡಿದ ಮಾತು ಉಳಿಯುತ್ತದೆ ಎಂದು ತನಗೆ ತಾನೇ ಹೇಳಿಕೊಂಡ.

ಬೆಳಿಗ್ಗೆ ಎಂಜಿನ್ನನ್ನು ದೋಣಿಗೆ ಕಟ್ಟಿ, ಕೋಟು ತೊಟ್ಟು, ನೀರಂಚಿನಲ್ಲಿ ಕಾದು ನಿಂತ. ಮೇಲೆ ರಸ್ತೆಯಲ್ಲಿ ಜೀಪು ಬಂದು ಕನ್ನಪ್ಪನ ಹೋಟೆಲಿನ ಮುಂದೆ ನಿಂತಿತು. ಬಿಳಿ ಶರಟಿನ ಸಾಹೇಬರು ಇಳಿದರು, ಕೆಸರು ಬಯಲಿನತ್ತ ನೋಡಿದರು, ತಮ್ಮ ಬೂಟಿನತ್ತ ನೋಡಿದರು, ಬೆಂಚಿನ ಮೇಲೆ ಕೂತರು. ಚಾ ಕುಡಿದರು. ಜಟ್ಟಿಂಗಪ್ಪ ಹಗ್ಗದ ಮೇಲೆ ಕೈಯಿಟ್ಟೇ ಇದ್ದ. ಜೀಪು ತಿರುಗಿತು, ಧೂಳೆಬ್ಬಿಸಿ ಹೋಯಿತು.

ಏದುಸಿರಿನಲ್ಲಿ ಬಯಲು ಹತ್ತಿ ಬಂದವನಿಗೆ ಕನ್ನಪ್ಪ ನಗುತ್ತ ಚಾ ಮುಂದೆ ಹಿಡಿದ.

"ಆತು ಜಟ್ಟಿಂಗಣ್ಣ. ಪಾಸು."

"ಎಂತ ಪಾಸು?"

"ಎಂಜಿನ್ ನಡೀತದ ಅಂತ ಕೇಳಿದ್ರು. ನಿನ್ನೆ ಸಂಜೆ ಎಬ್ಸಿದಾನೆ ಸಾರ್, ಆಚೆ ಊರಿಗೂ ಕೇಳಿದೆ, ಬೇಕಾರೆ ಫೋನ್ ಮಾಡಿ ವಿಚಾರ್ಸಿ ಅಂದೆ. ಬ್ಯಾಡ ಬಿಡಿ ಅಂತ ಬರ್ಕಂಡು ಹೋದ್ರು. ನಿನ್ನ ಕೈಗುಣದ ಬಗ್ಗೆನೂ ಎರಡು ಮಾತು ಸೇರ್ಸಿದೀನಿ."

ಅವನು ಚಾ ಮುಟ್ಟಲಿಲ್ಲ. ಕನ್ನಪ್ಪನನ್ನು ಬೈಯಲೂ ಇಲ್ಲ. ಬೈಯುವುದಕ್ಕೆ ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಇಳಿದು ಹೋಗಿ ದೋಣಿ ತಳ್ಳಿ, ಸತ್ತ ಎಂಜಿನ್ನನ್ನು ಬೆನ್ನಿಗೆ ಹೊತ್ತ ದೋಣಿಯನ್ನು ಹುಟ್ಟು ಹಾಕಿಕೊಂಡು ಆಚೆ ದಡಕ್ಕೆ ಹೊರಟ. ನಡುನೀರಿಗೆ ಬರುವಷ್ಟರಲ್ಲಿ ಉಸಿರು ಕಟ್ಟಿತು. ಸುದ್ದಿ ಫೋನಿನಲ್ಲಿ ಮೊದಲೇ ದಾಟಿತ್ತು. ದಡದಲ್ಲಿ ನೆರೆದವರೆಲ್ಲ ಚೆದುರಿ ಹೋಗುತ್ತಿದ್ದರು. ಉಳಿದವರು ಮೂವರು. ಶಿವಮೂರ್ತಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ, ಬಿಂದು ಅವನ ತಲೆಗೆ ಕೊಡೆ ಹಿಡಿದಿದ್ದಳು, ಶೇಷಮ್ಮ ನೀರಿನ ಅಂಚಿನಲ್ಲಿದ್ದಳು. ಮಾವನನ್ನು ಕಂಡು ಶಿವಮೂರ್ತಿ ಬಾತ ಮುಖದಲ್ಲಿ ನಗಲು ನೋಡಿದ.

"ನಿನ್ನೆ ಕೇಳ್ತು ಮಾವ. ಚಲೋ ಓಡ್ತಾ ಇತ್ತು."

ಅದನ್ನು ಕೇಳಿ ಜಟ್ಟಿಂಗಪ್ಪನಿಗೆ ದೋಣಿಯಿಂದ ಇಳಿಯುವ ಧೈರ್ಯ ಉಳಿಯಲಿಲ್ಲ. ಜೇಬಿನಿಂದ ಕೀಲು ತೆಗೆದು, ಕಪ್ಪು ಅಂಗೈ ಮೇಲಿಟ್ಟು ತಂಗಿಯ ಕಡೆ ಚಾಚಿದ.

"ಕೇಳಿಲ್ಲಿ ಶೇಷಿ. ಇದು ಇಲ್ದಿದ್ರೆ ಅದು ಏಳಲ್ಲ. ತೆಗ್ದಿಟ್ಕಂಡಿದ್ದೆ. ಈಗ್ಲೂ ಅದರೊಳಗೆ ಇಲ್ಲ, ಬೇಕಾರೆ ನೋಡು. ಅವ್ರು ಕೆಳಗೇ ಬರ್ಲಿಲ್ಲ."

ಶೇಷಮ್ಮ ಆ ಹಿತ್ತಾಳೆ ಚೂರನ್ನು ನೋಡಿದಳು. ಮುಟ್ಟಲಿಲ್ಲ.

"ತೆಗ್ದಿದ್ದು ಆತು. ಹಾಕಿದ್ದೆಂತಕ್ಕೆ ಅಣ್ಣಯ್ಯ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜಕ್ಕೂ ತಿಳಿಯದೆ ಕೇಳಿದ್ದಳು. ಸರಿಯಿದೆಯೇ ಎಂದು ನೋಡಲು ಎಂಬ ಉತ್ತರ ಅವನ ನಾಲಗೆಯ ತುದಿಗೆ ಬಂತು. ಕುರ್ಚಿಯಲ್ಲಿ ಕೂತವನ ಎದುರು ಅದನ್ನು ಹೇಳಲಾಗಲಿಲ್ಲ. ಮೇಲೆ ಸಾಗರಕ್ಕೆ ಹೊರಡುವ ಬಾಡಿಗೆ ಜೀಪು ಹಾರನ್ ಮಾಡಿತು. ಅತ್ತೆ ಸೊಸೆ ಇಬ್ಬರೂ ಸೇರಿ ಶಿವಮೂರ್ತಿಯನ್ನು ಎಬ್ಬಿಸಿಕೊಂಡು ಬಯಲು ಏರತೊಡಗಿದರು.

ಜಾಣರೆಂದು ನಾವು ಹೊಗಳುವ ಮಂದಿಯಲ್ಲಿ ಇಂಥದೊಂದು ಜಾತಿಯಿದೆ. ಅವರಿಗೆ ದುಡ್ಡಿನ ಆಸೆಯಿಲ್ಲ, ಇನ್ನೊಬ್ಬರ ಕೇಡು ಅವರ ಕನಸಿನಲ್ಲೂ ಸುಳಿಯದು; ಒಂದು ವಸ್ತು ನಿಂತಿದ್ದರೆ ಯಾಕೆ ನಿಂತಿತೆಂದು ತಿಳಿಯುವ ತನಕ ಅನ್ನ ಸೇರುವುದಿಲ್ಲ, ಅಷ್ಟೇ. ಕೊಟ್ಟ ಮಾತನ್ನು ಅವರ ಬಾಯಿ ಉಳಿಸಿಕೊಳ್ಳುತ್ತದೆ, ಕೈ ಉಳಿಸಿಕೊಳ್ಳುವುದಿಲ್ಲ. ಅವರು ಹುಡುಕಿ ತಿಳಿದದ್ದರಿಂದ ಊರುಗಳು ನಡೆದಿವೆ, ದೋಣಿಗಳು ದಾಟಿವೆ, ಅದನ್ನು ಇಲ್ಲವೆನ್ನಲಾಗದು. ಆದರೆ ಅವರ ಹತ್ತಿರದವರಾಗಿ ಬದುಕುವುದು ಎಷ್ಟು ಕಷ್ಟವೆಂದು ಹತ್ತಿರದವರನ್ನೇ ಕೇಳಬೇಕು. ಕಬ್ಬಿಣದ ಹೊಟ್ಟೆಯೊಳಗಿನ ಯಾಕೆಗಳಿಗೆಲ್ಲ ಅವರ ಬಳಿ ಉತ್ತರ ಉಂಟು. ರಕ್ತ ಹಂಚಿಕೊಂಡವರು ಎದುರು ನಿಂತು ಯಾಕೆ ಎಂದು ಕೇಳಿದಾಗ ಮಾತ್ರ, ಅವರು ದಡ ಮುಟ್ಟಿದ ದೋಣಿಯಿಂದ ಇಳಿಯಲಾರದೆ ಹಾಗೇ ಕೂತಿರುತ್ತಾರೆ.